ಮನೆಯಂಗಳದ ವಸಂತ: ಹೂಗೆಡ್ಡೆಗಳನ್ನು ನೆಡುವ ಬಗೆ

ವಸಂತಕಾಲದ ಹೂಗೆಡ್ಡೆಗಳೆಂದೊಡನೆ ನಮ್ಮಲ್ಲಿ ಓದುಬರಹ ಬಲ್ಲವರ ಮನಸ್ಸು ಹಾಲೆಂಡಿಗೋ ಕಾಶ್ಮೀರಕ್ಕೋ ಹಾರಿಹೋಗುವುದುಂಟು. ಶ್ರೀನಗರದ ಝಬರ್ವಾನ್ ಬೆಟ್ಟದ ತಪ್ಪಲಿನಲ್ಲಿ ಸಾಲುಸಾಲಾಗಿ ಅರಳಿ ನಿಲ್ಲುವ ಟ್ಯೂಲಿಪ್ ಹೂಗಳ ಚಿತ್ರವನ್ನು ನೋಡದವರು ಈಗ ವಿರಳ. ಆ ಚಿತ್ರದ ಮೋಹದಿಂದಲೇ ಬೆಂಗಳೂರಿನ ಮನೆಗಳಿಗೂ ಕಾರ್ತಿಕ ಮಾರ್ಗಶಿರಗಳ ಹೊತ್ತಿಗೆ ಟ್ಯೂಲಿಪ್, ಹಯಸಿಂತ್, ಡ್ಯಾಫೊಡಿಲ್ ಮೊದಲಾದವುಗಳ ಗೆಡ್ಡೆಗಳು ಬಣ್ಣದ ಪೊಟ್ಟಣಗಳಲ್ಲಿ ಬಂದಿಳಿಯುತ್ತವೆ. ಕೊಂಡವರು ಅವನ್ನು ಶ್ರದ್ಧೆಯಿಂದ ನೆಡುತ್ತಾರೆ, ದಿನವೂ ನೀರೆರೆಯುತ್ತಾರೆ. ಒಂದೆರಡು ಎಲೆಗಳು ಮೇಲೆದ್ದು, ಹಳದಿಯಾಗಿ, ಕಡೆಗೆ ಗೆಡ್ಡೆಯೇ ಕೊಳೆತುಹೋಗುತ್ತದೆ. ನಮ್ಮ ಕೈಗುಣವೇ ಸರಿಯಿಲ್ಲವೆಂದುಕೊಂಡು ಅವರು ತೋಟದ ಆಸೆಯನ್ನೇ ಬಿಟ್ಟುಬಿಡುವುದೂ ಉಂಟು. ಕೈಗುಣಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಟ್ಯೂಲಿಪ್ಪು ಬಾರದ ಈ ಊರಿನಲ್ಲಿಯೇ ವಸಂತಕ್ಕೆ ಸರಿಯಾಗಿ ತಾವಾಗಿ ಎದ್ದು ಅರಳುವ ಬೇರೆ ಗೆಡ್ಡೆಗಳುಂಟು. ಅವು ಯಾವುವು, ಅವನ್ನು ನೆಡುವುದು ಹೇಗೆ ಎಂಬುದನ್ನು ಇಲ್ಲಿ ವಿಚಾರಮಾಡೋಣ.

ನಗರದ ಪಶ್ಚಿಮ ಭಾಗದ ಮಾರೇನಹಳ್ಳಿಯನ್ನೇ ನಿದರ್ಶನಕ್ಕೆ ತೆಗೆದುಕೊಳ್ಳಬಹುದು. ಹೆಸರಿನಲ್ಲಿ ಹಳ್ಳಿಯಿದ್ದರೂ ಇಂದು ಅದು ವಿಜಯನಗರದ ಮಗ್ಗುಲಲ್ಲಿ ಮನೆಗೆ ಮನೆ ತಾಗಿ ನಿಂತಿರುವ ಬಡಾವಣೆ. ೨೦ ಅಡಿಗೆ ೩೦ ಅಡಿ, ಹೆಚ್ಚೆಂದರೆ ೩೦ಕ್ಕೆ ೪೦ ಅಡಿಯ ನಿವೇಶನ. ಅದರಲ್ಲಿ ಮನೆ ಎದ್ದಮೇಲೆ ಕಾಂಪೌಂಡಿಗೂ ಗೋಡೆಗೂ ನಡುವೆ ಉಳಿಯುವುದು ಮೊಳ ಎರಡು ಮೊಳ ಅಗಲದ ಪಟ್ಟಿ. ಅದಕ್ಕೂ ಕಲ್ಲುಹಾಸನ್ನೋ ಸಿಮೆಂಟನ್ನೋ ಮೆತ್ತಿಬಿಡುವವರೇ ಹೆಚ್ಚು. ಇಷ್ಟು ಕಿರಿದಾದ ಜಾಗದಲ್ಲಿ ಮಾವನ್ನಾಗಲಿ ಸಂಪಿಗೆಯನ್ನಾಗಲಿ ಬೆಳೆಸುವುದು ಕಷ್ಟಸಾಧ್ಯ. ಆದರೆ ಗೆಡ್ಡೆಹೂಗಳಿಗೆ ಬೇಕಾದದ್ದು ಒಂದಡಿ ಅಗಲದ ಮಣ್ಣು ಮತ್ತು ಒಂದೂವರೆ ಅಡಿಯ ಆಳ. ಅದೂ ಇಲ್ಲವಾದರೆ ಮಹಡಿಯ ಮೇಲಿನ ಕುಂಡ. ಸಣ್ಣ ಮನೆಯವನಿಗೆ ಇವು ಹೇಳಿಮಾಡಿಸಿದ ಗಿಡಗಳೆಂದೇ ನಮ್ಮ ಅಭಿಪ್ರಾಯ.

ಗೆಡ್ಡೆಯೆಂಬ ಒಂದೇ ಮಾತಿನಲ್ಲಿ ನಾವು ಹಲವು ಬಗೆಯ ವಸ್ತುಗಳನ್ನು ಸೇರಿಸಿಬಿಡುತ್ತೇವೆ. ಅಡುಗೆಮನೆಯೇ ಇದಕ್ಕೆ ತಕ್ಕ ಪಾಠಶಾಲೆ. ಈರುಳ್ಳಿಯನ್ನು ಉದ್ದಕ್ಕೆ ಸೀಳಿ ನೋಡಿದರೆ, ತಳದಲ್ಲಿ ಬಿಲ್ಲೆಯಂಥ ಗಟ್ಟಿಯಾದ ಕಾಂಡವೂ, ಅದರ ಮೇಲೆ ಒಂದರೊಳಗೊಂದು ಅಡಕವಾದ ತೋರವಾದ ಎಲೆಬುಡಗಳೂ ಕಾಣುತ್ತವೆ. ಟ್ಯೂಲಿಪ್, ಅಮರಿಲಿಸ್ ಮೊದಲಾದವು ಈ ಜಾತಿಯವು. ಕೆಸುವಿನ ಗೆಡ್ಡೆಯೂ ಸುವರ್ಣಗೆಡ್ಡೆಯೂ ಪದರವಿಲ್ಲದ ಇಡಿಯ ಕಾಂಡ. ಗ್ಲಾಡಿಯೋಲಸ್ ಹೂವಿನದು ಈ ಬಗೆ. ಶುಂಠಿ ಅಡ್ಡಲಾಗಿ ಹರಿಯುವ ಕಾಂಡ. ಕಾಬಾಳೆ ಹೂವು ಅದರಂತೆ. ಗೆಣಸು ಬೇರೇ ದಪ್ಪವಾದದ್ದು; ಮಲೆನಾಡಿನ ಹೆಂಗಳೆಯರು ಬಣ್ಣಬಣ್ಣವಾಗಿ ಕೂಡಿಸಿಕೊಳ್ಳುವ ಡೇರೆ ಹೂವಿನ ಗೆಡ್ಡೆ ಗೆಣಸಿಗೆ ಸಮಾನ. ರೂಪ ಬೇರೆಯಾದರೂ ಕಾರ್ಯವೊಂದೇ. ನಮ್ಮ ಹಿರಿಯರು ರಾಗಿಯನ್ನು ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿ, ಬರ ಬಂದಾಗ ತೆಗೆಯುತ್ತಿದ್ದರಷ್ಟೆ. ಗೆಡ್ಡೆಯೂ ಅಂಥದೇ ಒಂದು ಹಗೇವು: ಒಳ್ಳೆಯ ಕಾಲದಲ್ಲಿ ಎಲೆ ದುಡಿದು ತಂದ ಆಹಾರವನ್ನೂ ನೀರನ್ನೂ ನೆಲದೊಳಗೆ ಕೂಡಿಟ್ಟುಕೊಂಡು, ಕೆಟ್ಟ ಕಾಲವನ್ನು ನಿದ್ರೆಯಲ್ಲಿ ಕಳೆಯುವ ಉಪಾಯ.

ಈ ಕೆಟ್ಟ ಕಾಲವೆಂಬುದು ಎಲ್ಲ ದೇಶಗಳಲ್ಲಿಯೂ ಒಂದೇ ಅಲ್ಲ. ಇಲ್ಲಿಯೇ ಇಡಿಯ ವಿಷಯದ ಗುಟ್ಟಿರುವುದು. ಟ್ಯೂಲಿಪ್ಪಿನ ಮೂಲನೆಲೆ ಮಧ್ಯ ಏಷ್ಯದ ಬೆಟ್ಟಸೀಮೆ. ಅಲ್ಲಿ ಬೇಸಗೆಯ ಬಿಸಿಯಲ್ಲಿ ಮಲಗಿದ ಗೆಡ್ಡೆ ಶರತ್ಕಾಲದಲ್ಲಿ ಬೇರು ಬಿಟ್ಟು, ಹಿಮದ ಕೆಳಗೆ ತಿಂಗಳುಗಟ್ಟಲೆ ತಣಿದಮೇಲೆಯೇ ಹೂದಂಡವನ್ನು ನೀಳವಾಗಿ ಮೇಲಕ್ಕೆ ಕಳುಹಿಸುವುದು. ಸುಮಾರು ೧೨ರಿಂದ ೧೬ ವಾರಗಳ ಕಾಲ ೯ ಡಿಗ್ರಿ ಸೆಂಟಿಗ್ರೇಡಿಗಿಂತ ಕಡಮೆಯ ಚಳಿ ಅದಕ್ಕೆ ಬೇಕು. ನಮ್ಮಲ್ಲಿ ಪುಷ್ಯಮಾಸದ ಮುಂಜಾನೆಯ ಚಳಿ ಸಾಮಾನ್ಯವಾಗಿ ೧೬ ಡಿಗ್ರಿಯ ಆಚೀಚೆ ನಿಲ್ಲುತ್ತದೆ. ಬೆಂಗಳೂರಿನಲ್ಲಿ ದಾಖಲೆಯಾಗಿರುವ ಅತ್ಯಂತ ಕಡಮೆಯ ಉಷ್ಣತೆ ೧೮೮೪ನೆಯ ಇಸವಿ ಜನವರಿ ೧೩ರಂದು ಬಂದ ೭.೮ ಡಿಗ್ರಿ. ಎಂದರೆ, ಈ ಊರಿನ ಇತಿಹಾಸದಲ್ಲೇ ಅತಿ ತಣ್ಣನೆಯ ಮುಂಜಾವು ಟ್ಯೂಲಿಪ್ಪಿಗೆ ದಿನನಿತ್ಯವೂ ಬೇಕಾದ ಚಳಿ ಮಾತ್ರ. ಹೀಗಿರುವಾಗ ಗೆಡ್ಡೆಯನ್ನಾಗಲಿ ನೆಟ್ಟವರನ್ನಾಗಲಿ ದೂಷಿಸಿ ಫಲವೇನು?

ಹಟವೇ ಇದ್ದವರಿಗೆ ಒಂದು ದಾರಿಯುಂಟು. ಗೆಡ್ಡೆಗಳನ್ನು ಕಾಗದದ ಚೀಲದಲ್ಲಿಟ್ಟು ಫ್ರಿಜ್ಜಿನ ತರಕಾರಿಯ ಅರೆಯಲ್ಲಿ ಮೂರು ಮೂರೂವರೆ ತಿಂಗಳು ಇರಿಸಿ, ಅನಂತರ ಮನೆಯ ಅತ್ಯಂತ ತಂಪಾದ ಮೂಲೆಯಲ್ಲಿ ಕುಂಡಕ್ಕೆ ನೆಡುವುದು. ಅದೇ ಅರೆಯಲ್ಲಿ ಸೇಬು, ಬಾಳೆ, ಮಾವು ಮೊದಲಾದ ಹಣ್ಣುಗಳನ್ನು ಇಡಕೂಡದು. ಮಾಗುವ ಹಣ್ಣು ಬಿಡುವ ಎಥಿಲೀನ್ ಎಂಬ ಅನಿಲ ಗೆಡ್ಡೆಯೊಳಗಿನ ಮೊಗ್ಗನ್ನು ಕೊಲ್ಲುತ್ತದೆ. ಇಷ್ಟು ಮಾಡಿದರೂ ಹೂವು ಒಂದೇ ಸಲ. ಬೇಸಗೆ ಬಂದೊಡನೆ ಗೆಡ್ಡೆ ಸೊರಗಿ ತಿಪ್ಪೆಗೆ ಸೇರತಕ್ಕದ್ದೇ. ಪೇಪರ್‌ವೈಟ್ ಎಂಬ ಬಿಳಿಯ ನಾರ್ಸಿಸಸ್ ಮಾತ್ರ ಚಳಿಯನ್ನು ಬೇಡದೆ ಅರಳುವುದು. ಪರದೇಶದ ಪೊಟ್ಟಣವನ್ನೇ ಕೊಳ್ಳಬೇಕೆನ್ನುವವರು ಅದನ್ನು ಕೊಳ್ಳುವುದು ಲೇಸು.

ನಮ್ಮ ಊರಿನ ಕೆಟ್ಟ ಕಾಲ ಚಳಿಯಲ್ಲ, ನೀರಿಲ್ಲದಿರುವಿಕೆ. ಡಿಸೆಂಬರಿನಿಂದ ಮಾರ್ಚಿಯವರೆಗೆ ಮಳೆ ಇಲ್ಲವೆಂದೇ ಹೇಳಬೇಕು. ಏಪ್ರಿಲಿನಲ್ಲಿ ಮಾವಿನ ಮಳೆ ಒಂದೆರಡು ಸಲ ಗುಡುಗಿ ಸುರಿಯುವುದು. ದಕ್ಷಿಣ ಅಮೆರಿಕ, ಮೆಕ್ಸಿಕೋ, ಆಫ್ರಿಕಗಳ ಹಲವು ಪ್ರದೇಶಗಳಲ್ಲಿಯೂ ವರುಷದ ಕ್ರಮ ಇದೇ. ಅಲ್ಲಿಂದ ಬಂದ ಗೆಡ್ಡೆಗಳು ಒಣಕಾಲದಲ್ಲಿ ಮಲಗಿ ಮೊದಲ ಮಳೆಯ ಸುಳಿವಿಗೆ ಏಳುವ ಸ್ವಭಾವದವು. ಆದಕಾರಣ ಇಲ್ಲಿ ತವರಿನಲ್ಲಿದ್ದಂತೆಯೇ ಇವೆ. ಇದು ಬರಿಯ ಅಂದದ ಮಾತಲ್ಲ. ೨೦೨೪ರ ಮಾರ್ಚಿಯಲ್ಲಿ ಕೊಳವೆಬಾವಿಗಳು ಬತ್ತಿ ನಗರವೆಲ್ಲ ನೀರಿಗೆ ಪರದಾಡಿದಾಗ, ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಕೂಡದೆಂದೂ ಬಳಸಿದವರು ೫,೦೦೦ ರೂಪಾಯಿ ದಂಡ ತೆರಬೇಕೆಂದೂ ಬೆಂಗಳೂರು ಜಲಮಂಡಳಿ ಆಜ್ಞೆ ಹೊರಡಿಸಿತು. ದಿನಕ್ಕೆರಡು ಬಾರಿ ನೀರು ಬೇಡುವ ಗಿಡಗಳನ್ನು ನೆಚ್ಚಿಕೊಂಡವನು ಅಂಥ ಕಾಲದಲ್ಲಿ ಏನು ಮಾಡಬೇಕು? ಆ ತಿಂಗಳುಗಳಲ್ಲಿ ನಿದ್ರಿಸುವ, ಇಲ್ಲವೇ ಅಕ್ಕಿ ತೊಳೆದ ಒಂದು ಚೆಂಬು ನೀರಿಗೆ ಅರಳುವ ಗಿಡವೇ ಈ ನಗರಕ್ಕೆ ಯೋಗ್ಯವಾದದ್ದು.

ಇಂಥವುಗಳಲ್ಲಿ ಮೊದಲ ಸ್ಥಾನ ನಮ್ಮವರು ಅಮರಿಲಿಸ್ ಎಂದು ಕರೆಯುವ ಹೂವಿಗೆ ಸಲ್ಲಬೇಕು. ಶಾಸ್ತ್ರದ ಹೆಸರು ಹಿಪ್ಪಿಯಾಸ್ಟ್ರಮ್. ತವರು ದಕ್ಷಿಣ ಅಮೆರಿಕ. ನಿಜವಾದ ಅಮರಿಲಿಸ್ ದಕ್ಷಿಣ ಆಫ್ರಿಕದ ಬೇರೊಂದು ಗಿಡವೆಂದು ಬಹುಕಾಲದ ವಾದದ ಬಳಿಕ ೧೯೮೭ರಲ್ಲಿ ಸಸ್ಯಶಾಸ್ತ್ರಜ್ಞರ ಅಂತರರಾಷ್ಟ್ರೀಯ ಸಮ್ಮೇಳನ ತೀರ್ಮಾನಿಸಿತು; ಮಾರುವವರೂ ಕೊಳ್ಳುವವರೂ ಆ ತೀರ್ಮಾನವನ್ನು ಇನ್ನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಇದರ ಮೊದಲ ಮಿಶ್ರತಳಿಯನ್ನು ೧೭೯೯ರಲ್ಲಿ ಪಡೆದವನು ಇಂಗ್ಲೆಂಡಿನ ಜಾನ್ಸನ್ ಎಂಬ ಗಡಿಯಾರದ ಕೆಲಸಗಾರ. ಎಸಳಿನ ನಡುವೆ ಬಿಳಿಯ ಗೀರಿರುವ ಆ ಕೆಂಪುಹೂವು ಇಂದಿಗೂ ಅವನ ಹೆಸರಿನಲ್ಲಿದೆ.

ಈ ಗೆಡ್ಡೆಯನ್ನು ನೆಡಲು ಡಿಸೆಂಬರ್ ಜನವರಿಗಳು ಪ್ರಶಸ್ತವಾದ ಕಾಲ. ಅಂಗೈ ತುಂಬುವಷ್ಟು ದಪ್ಪವಿರುವ, ಒತ್ತಿದರೆ ಮೆತ್ತಗಾಗದ ಗೆಡ್ಡೆಯನ್ನು ಆರಿಸಬೇಕು. ಕುಂಡವಾದರೆ ಗೆಡ್ಡೆಯ ಸುತ್ತ ಒಂದು ಒಂದೂವರೆ ಅಂಗುಲ ಮಾತ್ರ ಜಾಗವಿರುವಷ್ಟು ಕಿರಿದಾದದ್ದು ಸಾಕು. ದೊಡ್ಡ ಕುಂಡದಲ್ಲಿ ಮಣ್ಣು ಬೇಗ ಆರದೆ ಗೆಡ್ಡೆ ಕೊಳೆಯುವುದು. ಎಲ್ಲಕ್ಕಿಂತ ಮುಖ್ಯವಾದ ಅಂಶವೆಂದರೆ ಗೆಡ್ಡೆಯನ್ನು ಪೂರ್ತಿ ಹೂಳಬಾರದು. ಮೇಲಿನ ಮೂರರಲ್ಲೊಂದು ಪಾಲು, ಕತ್ತಿನೊಡನೆ, ಗಾಳಿಗೆ ತೆರೆದಿರಬೇಕು. ನೆಟ್ಟಾಗ ಒಮ್ಮೆ ನೀರು ಕೊಟ್ಟು, ಮೊಗ್ಗಿನ ತುದಿ ಇಣುಕುವವರೆಗೆ ಮಣ್ಣು ಆರಿದಾಗ ಮಾತ್ರ ಸ್ವಲ್ಪ ಸ್ವಲ್ಪವಾಗಿ ಎರೆಯುವುದು. ಹಳೆಯ ಗೆಡ್ಡೆಗಳಿದ್ದರೆ ನವೆಂಬರಿನಿಂದ ನೀರನ್ನು ನಿಲ್ಲಿಸಿ, ಫೆಬ್ರವರಿಯ ಮೊದಲ ವಾರದಲ್ಲಿ ಮತ್ತೆ ಕೊಡತಕ್ಕದ್ದು. ನೀರು ಕಂಡ ಆರರಿಂದ ಎಂಟು ವಾರಗಳಲ್ಲಿ ಹೂವು ಬರುವುದರಿಂದ ಯುಗಾದಿಯ ಹೊತ್ತಿಗೆ ಮನೆಯ ಮುಂದೆ ಕೆಂಪು ತುತ್ತೂರಿಗಳು ತೆರೆದುಕೊಂಡಿರುತ್ತವೆ.

ಹೂವು ಬಾಡಿದಮೇಲೆ ಅನೇಕರು ಗಿಡವನ್ನು ಮರೆತುಬಿಡುತ್ತಾರೆ. ಮರುವರುಷ ಹೂ ಬಾರದಿದ್ದರೆ ಮಾತ್ರ ನೆನೆಯುತ್ತಾರೆ. ಇದರ ಲೆಕ್ಕಾಚಾರ ಬಹಳ ಸ್ವಾರಸ್ಯವಾದದ್ದು. ಹಿಪ್ಪಿಯಾಸ್ಟ್ರಮ್ ಗೆಡ್ಡೆ ನಾಲ್ಕು ಎಲೆಗಳನ್ನು ಕಟ್ಟಿದಮೇಲೆ ಒಳಗೆ ಒಂದು ಹೂಗೊಂಚಲಿನ ಮೊಳಕೆಯನ್ನು ಕಟ್ಟುತ್ತದೆ. ಮತ್ತೆ ನಾಲ್ಕು ಎಲೆ, ಮತ್ತೊಂದು ಮೊಳಕೆ. ಈ ಮೊಳಕೆ ಹೊರಗೆ ಕಾಣಿಸಿಕೊಳ್ಳಲು ವರುಷದಷ್ಟು ಕಾಲ ಹಿಡಿಯುವುದು. ಎಂದಮೇಲೆ ಈ ಚೈತ್ರದ ಹೂವಿಗೆ ಕಳೆದ ಮಳೆಗಾಲದ ಎಲೆಯೇ ಕಾರಣ. ಅಂದಕ್ಕಾಗಿ ಎಲೆಯನ್ನು ಕತ್ತರಿಸುವವರೂ, ಜಡೆಯಂತೆ ಹೆಣೆದು ಕಟ್ಟುವವರೂ ಮುಂದಿನ ವರುಷದ ಹೂವನ್ನು ಕತ್ತರಿಸಿದಂತಾಯಿತು. ಬಾಡಿದ ಹೂವನ್ನು ಬೀಜ ಕಟ್ಟುವ ಮುನ್ನ ಚಿವುಟಿ, ಹಸಿರು ದಂಡನ್ನೂ ಎಲೆಗಳನ್ನೂ ಹಾಗೆಯೇ ಬಿಟ್ಟು, ಜೂನಿನಿಂದ ಸೆಪ್ಟೆಂಬರಿನವರೆಗೆ ತಿಂಗಳಿಗೊಮ್ಮೆ ಒಂದು ಹಿಡಿ ಹಳೆಯ ಗೊಬ್ಬರವನ್ನು ಕೊಟ್ಟರೆ ಸಾಕು.

ಇದಕ್ಕೆ ಒಬ್ಬ ಕಡುವೈರಿಯುಂಟು. ಕಪ್ಪುಮೈಯ ಮೇಲೆ ಬಿಳಿ ಹಳದಿಯ ಚುಕ್ಕೆಗಳಿರುವ ಕಂಬಳಿಹುಳುವಿನಂಥ ಮರಿ. ಲಿಲ್ಲಿ ಪತಂಗದ ಸಂತಾನ. ಎಲೆಯ ಒಳತಿರುಳನ್ನು ತಿನ್ನುತ್ತ ಕೆಳಗಿಳಿದು ಗೆಡ್ಡೆಯ ಕತ್ತನ್ನು ಹೊಕ್ಕರೆ ಎರಡೇ ದಿನಗಳಲ್ಲಿ ಗಿಡ ಲೋಳೆಯಾಗಿ ಕುಸಿಯುವುದು. ಮಳೆಗಾಲದ ಸಂಜೆ ದೀಪ ಹಿಡಿದು ನೋಡಿ ಕೈಯಿಂದಲೇ ಆರಿಸಿ ತೆಗೆಯುವುದಕ್ಕಿಂತ ಒಳ್ಳೆಯ ಔಷಧವಿಲ್ಲ. ಬೇವಿನೆಣ್ಣೆಯನ್ನು ಸಾಬೂನಿನ ನೀರಿನಲ್ಲಿ ಕದಡಿ ವಾರಕ್ಕೊಮ್ಮೆ ಸಿಂಪಡಿಸಿದರೆ ಹೊಸ ಹುಳುಗಳು ತಕ್ಕಮಟ್ಟಿಗೆ ದೂರವಿರುವುವು.

ಗೋಡೆಯ ನೆರಳಿನಲ್ಲಿ ಏನೂ ಬೆಳೆಯುವುದಿಲ್ಲವೆಂದು ಕೊರಗುವವರು ಆಫ್ರಿಕದ ಒಂದು ಗೆಡ್ಡೆಯನ್ನು ನೆಡಬೇಕು. ಜನ ಅದನ್ನು ಫುಟ್‌ಬಾಲ್ ಲಿಲ್ಲಿಯೆನ್ನುವರು, ಶಾಸ್ತ್ರಜ್ಞರಿಗೆ ಸ್ಕಾಡಾಕ್ಸಸ್. ನೂರಾರು ಸಣ್ಣ ಹೂಗಳು ಸೇರಿ ಚೆಂಡಿನಂತೆ ಕೆಂಪಗೆ ನಿಲ್ಲುವ ಇದು ಏಪ್ರಿಲಿನ ಮಳೆ ಬಿದ್ದಮೇಲೆ, ಮೇ ತಿಂಗಳ ಮೊದಲಲ್ಲಿ, ವರುಷಕ್ಕೆ ಒಂದೇ ಬಾರಿ ಅರಳುವುದು. ಗೆಡ್ಡೆಯ ಕತ್ತು ನೆಲದ ಮಟ್ಟಕ್ಕಿರುವಂತೆ ನೆಟ್ಟು, ಮತ್ತೆ ಕೆದಕದೆ ಬಿಡಬೇಕು. ಇದು ಎಡೆಬಿಡದೆ ಜಾಗ ಬದಲಾಯಿಸುವುದನ್ನು ಸಹಿಸುವುದಿಲ್ಲ. ಬಿಸಿಲು ಬೀಳುವ ಅಂಚಿನಲ್ಲಿಯಾದರೋ ಮಳೆ ಲಿಲ್ಲಿಯ ಬೆರಳುಗಾತ್ರದ ಗೆಡ್ಡೆಗಳನ್ನು ಎರಡಂಗುಲದ ಆಳಕ್ಕೆ, ಗೇಣಿಗೆ ಮೂರರಂತೆ ಒತ್ತಾಗಿ ಇಡಬಹುದು. ಮಾವಿನ ಮಳೆ ಬಿದ್ದ ಕೆಲವು ದಿನಗಳಲ್ಲಿ ನಸುಗೆಂಪಿನ ಹೂವು ಒಮ್ಮೆಲೇ ಏಳುವುದನ್ನು ನೋಡಿದರೆ ಗಿಡಕ್ಕೆ ಪಂಚಾಂಗ ತಿಳಿದಿದೆಯೋ ಎನ್ನಿಸುವುದು. ನಲ್ಲಿಯ ನೀರನ್ನು ಎಷ್ಟೆರೆದರೂ ಮಳೆಗೆ ಬರುವಂತೆ ಅದು ಬರುವುದಿಲ್ಲ.

ಇನ್ನು ಸುಗಂಧರಾಜ. ದಿನವೂ ಮಾರುಕಟ್ಟೆಯಿಂದ ಹಾರಗಳಾಗಿ ಬರುವ ಈ ಹೂವನ್ನು ನಮ್ಮ ನಾಡಿನದೆಂದೇ ಎಲ್ಲರೂ ಭಾವಿಸಿದ್ದಾರೆ. ಅದರ ತವರು ಮೆಕ್ಸಿಕೋ. ಸಸ್ಯಶಾಸ್ತ್ರಜ್ಞರು ಈಗ ಅದನ್ನು ಕತ್ತಾಳೆಯ ಕುಲದಲ್ಲಿಯೇ ಸೇರಿಸಿದ್ದಾರೆ. ಹೊಲದ ಬೇಲಿಯ ಮುಳ್ಳುಗಿಡಕ್ಕೂ ದೇವರ ಮುಡಿಯ ಹೂವಿಗೂ ಹೀಗೆ ನೆಂಟಸ್ತಿಕೆ. ನಮ್ಮ ನಗರದ ಹೊರವಲಯದ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಇದರಲ್ಲಿ ಒಳ್ಳೆಯ ಕೆಲಸ ಮಾಡಿದ್ದಾರೆ. ಒಂದು ಸುತ್ತಿನ ಎಸಳಿನ 'ಶೃಂಗಾರ', 'ಪ್ರಜ್ವಲ್'. ಹಲವು ಸುತ್ತಿನ 'ಸುವಾಸಿನಿ', 'ವೈಭವ'. ಇವೆಲ್ಲ ಅಲ್ಲಿ ಹುಟ್ಟಿದ ತಳಿಗಳು. ಪ್ರಜ್ವಲ್ ತಳಿಯ ಮೊಗ್ಗಿನ ತುದಿಯಲ್ಲಿ ನಸುಗೆಂಪಿನ ಛಾಯೆಯಿರುವುದು. ಮನೆಗೆ ಒಂದು ಸುತ್ತಿನವೇ ಮೇಲು. ಕಟ್ಟಲು ಅನುಕೂಲ, ಪರಿಮಳವೂ ಹೆಚ್ಚು. ಶೃಂಗಾರ ತಳಿ ಬೇರುಗಂಟಿನ ಉಪದ್ರವವನ್ನು ಬೇರೆಯವುಗಳಿಗಿಂತ ಚೆನ್ನಾಗಿ ತಡೆದುಕೊಳ್ಳುವುದು.

ಸುಗಂಧರಾಜಕ್ಕೆ ಇಡಿಯ ದಿನದ ಬಿಸಿಲು ಬೇಕು. ಅಂಗಳದ ಪಟ್ಟಿಗೆ ಮೂರು ಗಂಟೆಯ ಬಿಸಿಲು ಬಿದ್ದರೆ ಹೆಚ್ಚೆನ್ನುವ ಮಾರೇನಹಳ್ಳಿಯಂಥ ಕಡೆ ಇದರ ಸ್ಥಾನ ಮಹಡಿಯ ಮೇಲೆ. ಒಂದಡಿ ಅಗಲದ ಕುಂಡದಲ್ಲಿ ಮೂರು ಗೆಡ್ಡೆ, ಎರಡಂಗುಲದ ಆಳಕ್ಕೆ, ಮಾರ್ಚಿ ಏಪ್ರಿಲಿನಲ್ಲಿ ನೆಟ್ಟರೆ ೮೦ರಿಂದ ೧೦೦ ದಿನಗಳಲ್ಲಿ ಹೂದಂಡ ಕಾಣುವುದು. ಅಡಿಕೆಗಾತ್ರಕ್ಕಿಂತ ಸಣ್ಣ ಗೆಡ್ಡೆ ಮೊದಲ ವರುಷ ಎಲೆಯನ್ನು ಮಾತ್ರ ಕೊಡುವುದು. ಒಮ್ಮೆ ಹೂ ಬಿಟ್ಟ ಗೆಡ್ಡೆ ಮತ್ತೆ ಹೂ ಬಿಡುವುದಿಲ್ಲ. ಅದರ ಪಕ್ಕದಲ್ಲಿ ಹುಟ್ಟಿದ ಮರಿಗಳು ಆ ಕೆಲಸವನ್ನು ಮುಂದುವರಿಸುತ್ತವೆ. ಆದುದರಿಂದ ಎರಡು ಮೂರು ವರುಷಗಳಿಗೊಮ್ಮೆ ಕಿತ್ತು, ಬಿಡಿಸಿ, ದಪ್ಪನೆಯವನ್ನು ಮಾತ್ರ ಮತ್ತೆ ನೆಡಬೇಕು. ನಿಜಕ್ಕೆ ಇದು ವಸಂತದ ಹೂವಲ್ಲ, ವಸಂತದಲ್ಲಿ ನೆಟ್ಟು ಮಳೆಗಾಲದಲ್ಲಿ ಪಡೆಯುವ ಹೂವು. ಆದರೂ ಸಂಜೆಯ ಮಹಡಿಯ ಮೇಲೆ ಅದರ ಪರಿಮಳವನ್ನು ಅನುಭವಿಸಿದವರು ಈ ವರ್ಗೀಕರಣಕ್ಕಾಗಿ ಜಗಳವಾಡಲಾರರು.

ಗ್ಲಾಡಿಯೋಲಸ್ಸನ್ನು ಡಿಸೆಂಬರಿನ ನಡುವಿನಿಂದ ಹದಿನೈದು ದಿನಕ್ಕೊಮ್ಮೆ ನಾಲ್ಕಾರರಂತೆ ನೆಟ್ಟರೆ ಮಾರ್ಚಿಯುದ್ದಕ್ಕೂ ಹೂದಾನಿಗೆ ಕೊರತೆಯಿರದು. ಆದರೆ ಅದು ನೀರನ್ನು ಬೇಡುವ ಗಿಡ, ದಂಡಿಗೆ ಆಸರೆಯ ಕೋಲೂ ಬೇಕು. ಡೇರೆ ಹೂವಿಗೆ ಮಲೆನಾಡಿನ ಮಳೆಯೇ ಸರಿ. ಬೆಂಗಳೂರಿನ ಏಪ್ರಿಲ್ ಅದಕ್ಕೆ ಹಿತವಲ್ಲ.

ಮಣ್ಣಿನ ವಿಷಯವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ನಮ್ಮ ಕೆಂಪುಮಣ್ಣು ಗೆಡ್ಡೆಗಳಿಗೆ ಒಳ್ಳೆಯದೇ. ಆದರೆ ಹೊಸ ಮನೆಗಳ ಕಾಂಪೌಂಡಿನೊಳಗೆ ಇರುವುದು ಮಣ್ಣಲ್ಲ. ಕಟ್ಟಡ ಮುಗಿದಮೇಲೆ ಉಳಿದ ಗಾರೆ, ಇಟ್ಟಿಗೆಯ ಚೂರು, ಸಿಮೆಂಟಿನ ಹೆಂಟೆ. ಇವುಗಳ ಸುಣ್ಣದ ಅಂಶದಿಂದ ಎಲೆಗಳು ಬಿಳಿಚಿಕೊಳ್ಳುವುವು. ಒಂದೂವರೆ ಅಡಿ ಅಗೆದು ಈ ಕಸವನ್ನೆಲ್ಲ ಹೊರಹಾಕಿ, ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ಮರಳು, ಒಂದು ಪಾಲು ವರುಷ ಕಳೆದ ಕೊಟ್ಟಿಗೆಗೊಬ್ಬರ ಅಥವಾ ಮನೆಯ ಕಾಂಪೋಸ್ಟನ್ನು ತುಂಬತಕ್ಕದ್ದು. ಹಸಿಯ ಸಗಣಿ ಸರ್ವಥಾ ಕೂಡದು. ಅಂಗಡಿಗಳಲ್ಲಿ ದೊರೆಯುವ ತೆಂಗಿನ ನಾರಿನ ಪುಡಿಯನ್ನು ಬಹಳ ಜನ ಧಾರಾಳವಾಗಿ ಬೆರೆಸುತ್ತಾರೆ. ನೀರನ್ನು ಹಿಡಿದಿಡುವ ಅದರ ಗುಣವೇ ನಿದ್ರಿಸುವ ಗೆಡ್ಡೆಗೆ ದೋಷ. ನಮ್ಮಲ್ಲಿ ಅತಿ ಹೆಚ್ಚಿನ ಮಳೆ ಸುರಿಯುವುದು ಸೆಪ್ಟೆಂಬರ್ ಅಕ್ಟೋಬರ್‌ಗಳಲ್ಲಿ. ಆಗ ನೀರು ನಿಲ್ಲದಂತೆ ಪಾತಿಯನ್ನು ಸುತ್ತಲಿನ ನೆಲಕ್ಕಿಂತ ನಾಲ್ಕಂಗುಲ ಎತ್ತರಿಸಿಕೊಳ್ಳುವುದು ಅವಶ್ಯ. ಸಿಮೆಂಟು ಮೆತ್ತದೆ ಬಿಟ್ಟ ಇಂಥ ಪಟ್ಟಿ ಮಾಳಿಗೆಯಿಂದ ಇಳಿವ ಮಳೆನೀರಿನ ಒಂದಷ್ಟನ್ನು ನೆಲಕ್ಕೆ ಇಂಗಿಸುವುದೆಂಬುದೂ ಅಲ್ಪ ಲಾಭವಲ್ಲ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಲೇಬೇಕು. ಅಮರಿಲಿಸ್, ಮಳೆ ಲಿಲ್ಲಿ, ಫುಟ್‌ಬಾಲ್ ಲಿಲ್ಲಿ ಮೊದಲಾದವುಗಳ ಗೆಡ್ಡೆಗಳು ನೋಡಲು ಈರುಳ್ಳಿಯಂತಿದ್ದರೂ ವಿಷಪೂರಿತವಾದವು. ತಿಂದರೆ ವಾಂತಿ ಭೇದಿಗಳುಂಟಾಗುವುವು. ನೆಡುವ ಮುನ್ನ ಇವನ್ನು ಅಡುಗೆಮನೆಯ ಬುಟ್ಟಿಯ ಹತ್ತಿರಕ್ಕೂ ಸುಳಿಯಗೊಡಬಾರದು. ಗೌರೀಹಬ್ಬದ ಕಾಲದಲ್ಲಿ ಬೆಂಕಿಯ ನಾಲಗೆಗಳಂತೆ ಅರಳುವ ಗೌರೀಹೂವು, ಎಂದರೆ ಅಗ್ನಿಶಿಖೆ, ನಮ್ಮ ಕಾಡುಗಳದೇ ಆದ ಸುಂದರವಾದ ಬಳ್ಳಿ. ಅದರ ಗೆಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ಪ್ರಾಣಾಪಾಯಕರವಾದ ವಿಷವುಂಟು. ಸಣ್ಣ ಮಕ್ಕಳೂ ನಾಯಿಗಳೂ ಇರುವ ಮನೆಗಳಲ್ಲಿ ಅದನ್ನು ನೆಡದಿರುವುದೇ ಮೇಲು.

ಗೆಡ್ಡೆಗಳನ್ನು ಕೊಳ್ಳಲು ದೂರ ಹೋಗಬೇಕಾದದ್ದಿಲ್ಲ. ಗಣರಾಜ್ಯೋತ್ಸವಕ್ಕೂ ಸ್ವಾತಂತ್ರ್ಯೋತ್ಸವಕ್ಕೂ ಲಾಲ್‌ಬಾಗಿನಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನದ ಕಾಲದಲ್ಲಿ, ಅದರಲ್ಲಿಯೂ ಜನವರಿಯದರಲ್ಲಿ, ಒಳ್ಳೆಯ ಗೆಡ್ಡೆಗಳು ದೊರೆಯುವುವು. ೧೯೦೮ರಿಂದ ೧೯೩೨ರವರೆಗೆ ಆ ತೋಟದ ಅಧಿಕಾರಿಯಾಗಿದ್ದ ಜರ್ಮನಿಯ ಕ್ರುಂಬಿಗಲ್ ಅವರು, ಒಂದು ಜಾತಿಯ ಮರ ಹೂ ಮುಗಿಸುವ ಹೊತ್ತಿಗೆ ಇನ್ನೊಂದು ಅರಳುವಂತೆ ಬೆಂಗಳೂರಿನ ಬೀದಿಗಳಿಗೆ ಮರಗಳನ್ನು ಆರಿಸಿದವರೆಂದು ಪ್ರಸಿದ್ಧರು. ಅದೇ ಕ್ರಮವನ್ನು ಹತ್ತಡಿಯ ಪಟ್ಟಿಯಲ್ಲಿಯೂ ಅನುಸರಿಸಬಹುದು: ಮಾರ್ಚಿಗೆ ಅಮರಿಲಿಸ್, ಏಪ್ರಿಲಿಗೆ ಮಳೆ ಲಿಲ್ಲಿ, ಮೇಗೆ ಫುಟ್‌ಬಾಲ್ ಲಿಲ್ಲಿ, ಮಹಡಿಯ ಮೇಲೆ ಜೂನಿನ ಹೊತ್ತಿಗೆ ಸುಗಂಧರಾಜ. ಹಣ ಕೊಟ್ಟು ಕೊಳ್ಳುವುದಕ್ಕಿಂತಲೂ ನೆರೆಮನೆಯ ಹಳೆಯ ಗುಂಪಿನಿಂದ ಕೇಳಿ ಪಡೆದ ಮರಿಗೆಡ್ಡೆ ಎಷ್ಟೋ ಸಲ ಉತ್ತಮ. ಈ ಹವೆಗೆ ಒಗ್ಗಿದ್ದೆಂಬುದಕ್ಕೆ ಅದು ಬದುಕಿರುವುದೇ ಸಾಕ್ಷಿ. ಅಮರಿಲಿಸ್ಸಿನ ಮರಿಗಳನ್ನು ಡಿಸೆಂಬರಿನಲ್ಲಿ, ಕೋಳಿಮೊಟ್ಟೆಯ ಗಾತ್ರ ಬಂದಮೇಲೆ, ತಮ್ಮದೇ ಬೇರುಗಳೊಡನೆ ಬಿಡಿಸಿ, ಗಾಯವಾದ ಕಡೆಗೆ ಒಲೆಯ ಬೂದಿಯನ್ನೋ ಅರಿಸಿನವನ್ನೋ ಸವರಿ, ಎರಡು ದಿನ ನೆರಳಿನಲ್ಲಿ ಆರಿಸಿ ನೆಡಬೇಕು. ಫುಟ್‌ಬಾಲ್ ಲಿಲ್ಲಿ ಚಳಿಗಾಲದಲ್ಲಿ ಎಲೆಯನ್ನೆಲ್ಲ ಕಳೆದುಕೊಂಡು ನೆಲದ ಮೇಲೆ ಗುರುತೇ ಇಲ್ಲದಂತಾಗುವುದರಿಂದ, ಎಲೆ ಹಳದಿಯಾದೊಡನೆ ಅದರ ಪಕ್ಕದಲ್ಲಿ ಒಂದು ಬಿದಿರಿನ ಕಡ್ಡಿಯನ್ನು ನೆಡತಕ್ಕದ್ದು. ಇಲ್ಲವಾದರೆ ಫೆಬ್ರವರಿಯಲ್ಲಿ ಪಾತಿ ಕೆದಕಲು ಬಂದ ಆಳಿನ ಸನಿಕೆ ಮೊದಲು ತಗುಲುವುದು ಅದಕ್ಕೇ.